ತಣ್ಣೀರು

ಅಶೋಕ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ತೌಸೀಫ್
ಸ್ಟೂಲು ಒರೆಸಿ ಕೊಟ್ಟ. "ಕೂತ್ಕೊಳಿ ಅಮ್ಮ,
ಬೈಬಲ್‌ಗೇ ಇಪ್ಪತ್ತು ಮೂವತ್ತು ಆ್ಯಪ್ ಇವೆ.
ಕೆಲವು ಫ್ರೀ, ಕೆಲವಕ್ಕೆ ಕಾಸು,
ಕೆಲವು ಫ್ರೀ ಅಂತಂದು ಆಮೇಲೆ ಕಾಸು."
ಕಾಣಿಕೆ ತಟ್ಟೆಯೂ ಹಾಗೇ ಕಣಪ್ಪ,
ಅಂದುಕೊಂಡೆ. ಅನ್ನಲಿಲ್ಲ.

ಎಡಗಣ್ಣಿನ ಪೊರೆ ತೆಗೆದಾಯ್ತು, ಬಲಗಣ್ಣು ಸರದಿಯಲ್ಲಿದೆ.
ಕಪ್ಪು ರಟ್ಟಿನ ಪುಸ್ತಕದ ಅಕ್ಷರ ಈಗ
ಸಾಲಾಗಿ ಹೊರಟ ಇರುವೆ,
ಓದಹೋದರೆ ಚದುರುತ್ತವೆ.
ಗುರುವಾರ ಹೆಂಗಸರ ಕೂಟಕ್ಕೆ ಪಾಠ ಹೇಳುವವಳು
ಊಹೆಯಲ್ಲಿ ಎಷ್ಟು ದಿನ ಓದಲಿ?

ಮೂವತ್ತೊಂದು ವರ್ಷ ಪ್ರೂಫ್ ತಿದ್ದಿದೆ.
ಪ್ರೆಸ್ಸು ಮುಚ್ಚಿತು, ಸೀಸ ತೂಕಕ್ಕೆ ಹೋಯಿತು,
ಹೆಸರು ಉಳಿಯಿತು: ಪ್ರೂಫಮ್ಮ.
ಆರಾಧನೆಯ ಹಾಳೆಯಲ್ಲಿ ಒಂದು ಒತ್ತು ಬಿದ್ದುಹೋದರೂ
ಆಮೆನ್ನಿಗೆ ಮುಂಚೆ ನನ್ನ ಪೆನ್ನು ಹೊರಬರುತ್ತೆ.

ಮೊದಲನೆಯ ಆ್ಯಪಿನಲ್ಲಿ ಅರ್ಕಾವತ್ತು ಕಿತ್ತುಬಂದು
ಧರ್ಮದ ಪಕ್ಕ ಒಂಟಿಯಾಗಿ ನಿಂತಿತ್ತು,
ಹಿಂದೆ ಖಾಲಿ ಡಬ್ಬಿಗಳ ಮೆರವಣಿಗೆ.
"ಫಾಂಟ್ ಪ್ರಾಬ್ಲಂ ಅಮ್ಮ."
ತೆಗಿ.
ಎರಡನೆಯದು ತಾನೇ ಓದಿ ಹೇಳುತ್ತೆ, ಗಂಡಸಿನ ದನಿ,
ಹಾಲೂ ಹಾಳೂ ಅದರ ಬಾಯಲ್ಲಿ ಒಂದೇ.
ಮೂರನೆಯದರಲ್ಲಿ ಪ್ರವಾದಿ ಬಾಯಿ ತೆರೆಯುತ್ತಲೇ
ಅಡ್ಡ ಬಂದ ಒಬ್ಬ, ಐದು ನಿಮಿಷದಲ್ಲಿ ಸಾಲ ಕೊಡುವವನು.
ನಾಲ್ಕನೆಯದಕ್ಕೆ ಗ್ರೀಕು, ಹೀಬ್ರೂ, ಭೂಪಟ,
ಪದ ಒತ್ತಿದರೆ ಬೇರು, ಬೇರಿನ ಬೇರು,
ಕಂಪ್ಯೂಟರಿಗೂ ಹಾಕಬಹುದಂತೆ, ವರ್ಷಕ್ಕೆ ನಾಲ್ಕು ಸಾವಿರ.
ಟಿಪ್ಪಣಿಯೆಲ್ಲ ಇಂಗ್ಲಿಷು. ಕನ್ನಡ ಅಲ್ಲಿ
ಬಾಗಿಲ ಹೊರಗೆ ಚಪ್ಪಲಿ ಕಾಯುವ ಹುಡುಗ.

ಐದನೆಯದಕ್ಕೆ ಅಂದವಿಲ್ಲ, ಚಂದವಿಲ್ಲ,
ಹುಡುಕುವ ಕಿಂಡಿ ಒಂದಿತ್ತು.
"ಒಂದು ಪದ ಹೇಳಿ ಅಮ್ಮ, ಟೆಸ್ಟ್ ಮಾಡೋಣ."
ಡ್ರಾಪ್ಸ್ ಹಾಕಿಕೊಂಡು ಬಂದಿದ್ದೆ, ಅದಕ್ಕೇ ಇರಬೇಕು,
"ಕಣ್ಣೀರು" ಅಂದೆ.
ಬಂದವು ಸಾಲುಗಟ್ಟಿ. ರಾಜನದು, ವಿಧವೆಯದು,
ಊರಿಗೆ ಊರೇ ಸುರಿಸಿದ್ದು.
ಎಣಿಸಿದೆ. ಪದಸೂಚಿ ತಿದ್ದಿದವಳಿಗೆ ಲೆಕ್ಕ ಬಾಯಿಪಾಠ.
ಒಂದು ಕಡಿಮೆ.

"ತಣ್ಣೀರು ಅಂತ ಹಾಕಪ್ಪ."

ಬಾಯಾರಿದವನಿಗೆ ಬಟ್ಟಲಲ್ಲಿ ಕೊಟ್ಟದ್ದು, ಅದು ಸರಿ.
ಕೆಳಗೆ ಇನ್ನೊಂದು, ಕೊನೆಯ ಪುಸ್ತಕದಲ್ಲಿ,
ದೇವರೇ ಒರೆಸಬೇಕಾದ ಜಾಗದಲ್ಲಿ.

ಎಂಬತ್ತಮೂರರ ಜುಲೈ. ಅಮ್ಮ
ಮಿಷನ್ ಆಸ್ಪತ್ರೆಯ ಹನ್ನೆರಡನೇ ಮಂಚದಲ್ಲಿ.
ವರಾಂಡದ ಬೆಂಚಲ್ಲಿ ಹಾಳೆ ಮಡಿಲಿಗಿಟ್ಟು ತಿದ್ದಿದೆ.
ಕ ಮನೆಯಲ್ಲಿ ತ ಮೊಳೆ ಬಿದ್ದದ್ದು
ಜೋಡಿಸುವ ಚೌರಪ್ಪ ನೋಡಲಿಲ್ಲ.
ನಾನೂ ನೋಡಲಿಲ್ಲ.
ಆ ಪದ ನನ್ನ ಕಣ್ಣಲ್ಲೇ ಇತ್ತು, ಹಾಳೆಯಲ್ಲಿಲ್ಲದ್ದು
ತಿಳಿಯಲಿಲ್ಲ.

ಎರಡು ಸಾವಿರ ಪ್ರತಿ.
ಯಾರಾದರೂ ಕಾಗದ ಬರೆದಾರು ಅಂತ ಕಾದೆ,
ಹಾಸನದಿಂದ, ತುಮಕೂರಿಂದ, ಹೋಗಲಿ ಪಾಲಹಳ್ಳಿಯಿಂದ.
ಒಬ್ಬರೂ ಬರೆಯಲಿಲ್ಲ.
ಎಲ್ಲರೂ ಕಣ್ಣೀರೆಂದೇ ಓದಿಕೊಂಡರು,
ಇಲ್ಲಾ ಓದಲೇ ಇಲ್ಲ.
ಯಾವುದಕ್ಕೆ ಹೆಚ್ಚು ನೊಂದುಕೊಳ್ಳಬೇಕೋ ಇವತ್ತಿಗೂ ಗೊತ್ತಿಲ್ಲ.
ಈಗ ಯಾವನೋ ಹುಡುಗ, ಯಾವ ಊರಲ್ಲೋ,
ಆ ಪ್ರತಿಯನ್ನೇ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಕುಟ್ಟಿದ್ದಾನೆ,
ನನ್ನ ತಪ್ಪನ್ನೂ, ನಿಷ್ಠೆಯಿಂದ.

"ಮಿಸ್ಟೇಕಾ ಅಮ್ಮ? ರಿಪೋರ್ಟ್ ಮಾಡಿ, ಇಲ್ಲೇ ಬಟನ್ ಇದೆ."
ಕೆಂಪು ಶಾಯಿಯಲ್ಲಿ ನೆಂದ ಬೆರಳು,
ತಾನೇ ಅಲ್ಲಿಗೆ ಹೋಯಿತು. ಹಿಂದಕ್ಕೆಳೆದುಕೊಂಡೆ.
"ಇರಲಿ. ಇದೇ ಹಾಕು.
ಅಕ್ಷರ ದಪ್ಪ ಮಾಡು. ಇನ್ನೂ. ಇನ್ನೊಂಚೂರು."

ಪರದೆಯ ತುಂಬ ಒಂದೇ ಪದ ಹಿಡಿಸುವಷ್ಟಾಯಿತು.
ನನ್ನ ಮುಖದಲ್ಲಿ ಏನು ಕಂಡನೋ,
ಹುಡುಗ ಎದ್ದು ಕ್ಯಾನಿನಿಂದ ಒಂದು ಲೋಟ ಬಗ್ಗಿಸಿ ಕೊಟ್ಟ,
"ಬಿಸಿಲು ಜಾಸ್ತಿ ಅಮ್ಮ" ಅಂದ. ಕುಡಿದೆ.

ಗುರುವಾರ ಕೊನೆಯ ಪುಸ್ತಕದ ಪಾಠ.
ಇರುವ ಹಾಗೆಯೇ, ಗಟ್ಟಿಯಾಗಿ ಓದುತ್ತೇನೆ.
ಯಾರಾದರೂ ತಲೆ ಎತ್ತಲಿ, ನೋಡೋಣ.